ಚಹದ ಕಪ್ಪಿನಿಂದ ಕೋರ್ಟ್ ಮಾರ್ಶಲಿನ ತನಕ: ಪಾಕಿಸ್ತಾನದ ಗೂಢಚರ್ಯೆಯ ದಳಪತಿಯೊಬ್ಬರ ಏಳುಬೀಳು

2021ನೆಯ ಇಸವಿಯ ಸಪ್ಟೆಂಬರ್ 4ರಂದು ಕಾಬೂಲ್ ನಗರದ ಸೆರೆನಾ ಹೋಟೆಲಿನಲ್ಲಿ ಒಬ್ಬ ಗಿರಾಕಿಯು ಚಹದ ಕಪ್ಪನ್ನು ಕೈಯಲ್ಲಿ ಹಿಡಿದು ನಗುತ್ತ ನಿಂತಿದ್ದರು. ತಾಲಿಬಾನರು ಆ ರಾಜಧಾನಿಯನ್ನು ಕೈವಶ ಮಾಡಿಕೊಂಡು ಮೂರು ವಾರ ತುಂಬಿರಲಿಲ್ಲ; ಅಮೆರಿಕದ ಕಡೆಯ ಸೈನಿಕನು ವಿಮಾನವೇರಿ ಐದೇ ದಿನಗಳಾಗಿದ್ದವು. ಮುಂದೇನಾಗಬಹುದೆಂದು ವಿದೇಶೀ ಬಾತ್ಮೀದಾರರೊಬ್ಬರು ಕೇಳಿದಾಗ, ಚಿಂತೆ ಬೇಡ, ಎಲ್ಲವೂ ಸರಿಹೋಗುವುದು ಎಂಬರ್ಥದ ಮಾತನ್ನಾಡಿ ಅವರು ಚಹ ಗುಟುಕರಿಸಿದರು. ಆ ಚಿತ್ರವು ಒಂದೇ ದಿನದಲ್ಲಿ ಜಗತ್ತನ್ನೆಲ್ಲ ಸುತ್ತಿತು. ಅವರೇ ಪಾಕಿಸ್ತಾನದ ಲಷ್ಕರಿ ಗೂಢಚರ್ಯಾ ಸಂಸ್ಥೆಯಾದ ಐ.ಎಸ್.ಐ.ಯ ಮಹಾನಿರ್ದೇಶಕ, ಲೆಫ್ಟಿನೆಂಟ್ ಜನರಲ್ ಫೈಜ್ ಹಮೀದ್.

ಹೋಟೆಲಿನ ಕಸುಬನ್ನು ಬಲ್ಲ ನಮ್ಮ ವಾಚಕರಿಗೆ ಇಂಥ ಗಿರಾಕಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಬಿಲ್ಲು ತೆರುವವನು ಬೇರೆ, ಕಟ್ಟಡದ ಯಜಮಾನನು ಬೇರೆ. ಆದರೂ ಗಲ್ಲೆಯ ಪಕ್ಕದಲ್ಲಿ ನಿಂತು, ಇಡೀ ಮನೆಯೇ ತನ್ನದೆಂಬ ಠೀವಿಯಿಂದ ಮಾತನಾಡುವವರು ಇರುತ್ತಾರೆ. ಗೂಢಚರ್ಯೆಯ ಮುಖ್ಯಸ್ಥನಾದವನು ತನ್ನ ಮುಖವನ್ನು ಮರೆಮಾಚಿಕೊಳ್ಳುವುದು ಲೋಕರೂಢಿ. ಈ ಮಹಾಶಯರಿಗೆ ಅದರ ಅವಶ್ಯಕತೆಯೇ ಕಾಣಲಿಲ್ಲ.

ಅದಾದ ನಾಲ್ಕು ವರ್ಷ ಮೂರು ತಿಂಗಳ ಬಳಿಕ, 2025ರ ಡಿಸೆಂಬರ್ 11ರಂದು, ಪಾಕಿಸ್ತಾನದ ಸೇನೆಯೇ ಹೊರಡಿಸಿದ ಪ್ರಕಟಣೆಯೊಂದು ಅದೇ ವ್ಯಕ್ತಿಗೆ ಹದಿನಾಲ್ಕು ವರ್ಷಗಳ ಕಠಿಣ ಶಿಕ್ಷೆಯಾದ ಸುದ್ದಿಯನ್ನು ಸಾರಿತು. ರಾಜಕೀಯ ಚಟುವಟಿಕೆಗಳಲ್ಲಿ ತೊಡಗಿದ್ದು, ರಾಷ್ಟ್ರದ ಸುರಕ್ಷತೆಗೆ ಬಾಧಕವಾಗುವಂತೆ ಸರಕಾರಿ ರಹಸ್ಯಗಳ ಕಾಯಿದೆಯನ್ನು ಉಲ್ಲಂಘಿಸಿದ್ದು, ಅಧಿಕಾರವನ್ನೂ ಸರಕಾರಿ ಸಾಧನಗಳನ್ನೂ ದುರುಪಯೋಗಪಡಿಸಿದ್ದು, ವ್ಯಕ್ತಿಗಳಿಗೆ ಅನ್ಯಾಯದ ನಷ್ಟವನ್ನುಂಟುಮಾಡಿದ್ದು – ಹೀಗೆ ನಾಲ್ಕು ಆರೋಪಗಳು ಸಾಬೀತಾದವೆಂದು ಕೋರ್ಟ್ ಮಾರ್ಶಲು ತೀರ್ಮಾನಿಸಿತ್ತು. ಐ.ಎಸ್.ಐ.ಯ ಮಾಜಿ ಮುಖ್ಯಸ್ಥರೊಬ್ಬರು ಲಷ್ಕರಿ ನ್ಯಾಯಾಲಯದಲ್ಲಿ ನಿಂತು ಇಂಥ ಶಿಕ್ಷೆಗೆ ಗುರಿಯಾದುದು ಇದೇ ಮೊದಲು. ಅಪೀಲಿನ ಹಕ್ಕುಂಟೆಂಬ ಮಾತೂ ಆ ಪ್ರಕಟಣೆಯಲ್ಲಿತ್ತು.

ನೆರೆಮನೆಯ ಜಗಳ ನಮಗೇಕೆ ಎಂದು ವಟ್ವಾದ ಕಾರಖಾನೆಯ ಕಚೇರಿಯಲ್ಲಿಯೋ ಸೂರತ್ತಿನ ಉಪಾಹಾರಗೃಹದಲ್ಲಿಯೋ ದುಡಿಯುವ ಕನ್ನಡಿಗನು ಕೇಳಬಹುದು. ನಾವಿರುವುದು ಗಡಿನಾಡಿನಲ್ಲಿ ಎಂಬುದನ್ನು ನೆನಪಿಡಬೇಕು. 1965ರ ಸಪ್ಟೆಂಬರ್ 19ರಂದು ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹತಾ ಅವರಿದ್ದ ವಿಮಾನವನ್ನು ಪಾಕಿಸ್ತಾನದ ಯುದ್ಧವಿಮಾನವು ಕಚ್ಛದ ಆಕಾಶದಲ್ಲಿ ಹೊಡೆದುರುಳಿಸಿತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಗುಂಡಿಗೆ ಬಲಿಯಾದ 26 ಮಂದಿಯಲ್ಲಿ ಶಿವಮೊಗ್ಗ ಬೆಂಗಳೂರುಗಳವರಿದ್ದಂತೆ ಭಾವನಗರ ಸೂರತ್ತುಗಳವರೂ ಇದ್ದರು. ಮರುತಿಂಗಳ 7ರಿಂದ 10ರವರೆಗೆ ನಡೆದ ಕಾಳಗದಲ್ಲಿ ಕಚ್ಛದ ಊರುಗಳು ದೀಪವಾರಿಸಿ ಕತ್ತಲಲ್ಲಿ ಕುಳಿತವು. ಇಸ್ಲಾಮಾಬಾದಿನಲ್ಲಿ ಆಳುವವರಾರು, ಮತಪೆಟ್ಟಿಗೆಯಿಂದ ಬಂದವರೋ ಅಥವಾ ಕಡತಗಳ ಕೋಣೆಯಿಂದ ಬಂದವರೋ ಎಂಬುದು ನಮ್ಮ ಮನೆಯ ದೀಪಕ್ಕೂ ಸಂಬಂಧಪಟ್ಟ ಪ್ರಶ್ನೆಯಾಗಿದೆ.

ಫೈಜ್ ಹಮೀದರು ಪಂಜಾಬಿನ ಚಕ್ವಾಲ್ ಜಿಲ್ಲೆಯವರು. ನಮ್ಮ ಕೊಡಗಿನಂತೆ ಆ ಸೀಮೆಯೂ ತಲೆತಲಾಂತರದಿಂದ ಸೈನ್ಯಕ್ಕೆ ಆಳುಗಳನ್ನು ಕೊಟ್ಟದ್ದು. ಸೇರಿದ್ದು ಬಲೂಚ್ ರೆಜಿಮೆಂಟು. 2016ರಿಂದ 2022ರವರೆಗೆ ಸರಸೇನಾಪತಿಯಾಗಿದ್ದ ಜನರಲ್ ಬಾಜ್ವಾ ಅವರದೂ ಅದೇ ರೆಜಿಮೆಂಟು. ಫೈಜರ ಹೆಸರು ಸಾಮಾನ್ಯ ಜನರ ಕಿವಿಗೆ ಮೊದಲು ಬಿದ್ದದ್ದು ಯಾವುದೇ ರಣರಂಗದಿಂದಲ್ಲ, ಒಂದು ರಸ್ತೆ ತಡೆಯಿಂದ. 2017ರ ನವಂಬರದಲ್ಲಿ ತಹ್ರೀಕೆ ಲಬ್ಬೈಕ್ ಎಂಬ ಪಕ್ಷದವರು ರಾಜಧಾನಿಯ ಹೆಬ್ಬಾಗಿಲಾದ ಫೈಜಾಬಾದ್ ಕೂಡುರಸ್ತೆಯಲ್ಲಿ ಕುಳಿತು ಸುಮಾರು ಮೂರು ವಾರ ಸರಕಾರವನ್ನು ಸ್ತಂಭಿಸಿದರು. ಕೊನೆಗೆ ಕಾನೂನು ಮಂತ್ರಿಯ ರಾಜೀನಾಮೆಯಿಂದ ಆ ಗದ್ದಲ ಮುಗಿಯಿತು. ಸರಕಾರಕ್ಕೂ ಧರಣಿಗಾರರಿಗೂ ಆದ ಕರಾರುಪತ್ರದ ಅಡಿಯಲ್ಲಿ ಮಧ್ಯಸ್ಥನೆಂದು ರುಜು ಹಾಕಿದವರು, ಆಗ ಐ.ಎಸ್.ಐ.ಯಲ್ಲಿ ಮೇಜರ್ ಜನರಲ್ ದರ್ಜೆಯಲ್ಲಿದ್ದ ಇದೇ ಫೈಜ್ ಹಮೀದರು. ಚುನಾಯಿತ ಸರಕಾರಕ್ಕೂ ಅದರ ಪ್ರಜೆಗಳಿಗೂ ನಡುವೆ ಸೇನೆಯ ಗೂಢಚಾರಾಧಿಕಾರಿಯು ಜಾಮೀನು ನಿಲ್ಲುವುದೆಂದರೆ ಏನರ್ಥ?

ಆ ಪ್ರಶ್ನೆಯನ್ನು ಪಾಕಿಸ್ತಾನದ ಸುಪ್ರೀಮ್ ಕೋರ್ಟೇ ಕೇಳಿತು. 2019ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಕಾಜಿ ಫಯೀಜ್ ಈಸಾ ಅವರು ಬರೆದ ತೀರ್ಪಿನಲ್ಲಿ, ಸೈನಿಕರು ರಾಜಕೀಯಕ್ಕೆ ಇಳಿಯುವುದಿಲ್ಲವೆಂದು ಪ್ರಮಾಣ ಮಾಡಿರುವುದನ್ನು ನೆನಪಿಸಿ, ಅದನ್ನು ಮುರಿದವರ ಮೇಲೆ ಕ್ರಮ ಕೈಕೊಳ್ಳುವಂತೆ ಆಜ್ಞೆಯಾಯಿತು. ಕ್ರಮವೇನಾಯಿತೆಂದು ಕೇಳುವಿರಾದರೆ, ಏಪ್ರಿಲಿನಲ್ಲಿ ಫೈಜರಿಗೆ ಲೆಫ್ಟಿನೆಂಟ್ ಜನರಲ್ ಪದವಿಗೆ ಬಡ್ತಿಯಾಯಿತು. ಜೂನ್ 16ರಂದು ಅವರೇ ಐ.ಎಸ್.ಐ.ಗೆ ಮುಖ್ಯಸ್ಥರಾದರು. ಅವರಿಗಾಗಿ ಕುರ್ಚಿಯನ್ನು ತೆರವು ಮಾಡಬೇಕಾಗಿ ಬಂದ ಅಧಿಕಾರಿಯು ಆ ಹುದ್ದೆಯಲ್ಲಿ ಎಂಟು ತಿಂಗಳು ಮಾತ್ರ ಇದ್ದವರು. ಅವರ ಹೆಸರು ಆಸಿಮ್ ಮುನೀರ್. ವಾಚಕರು ಈ ಹೆಸರನ್ನು ಜ್ಞಾಪಕದಲ್ಲಿಡಬೇಕು.

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. 2018ರ ಜುಲೈ 25ರಂದು ಮಹಾಚುನಾವಣೆ. ಅದಕ್ಕೆ ನಾಲ್ಕು ದಿನ ಮುಂಚೆ ಇಸ್ಲಾಮಾಬಾದ್ ಹೈಕೋರ್ಟಿನ ನ್ಯಾಯಾಧೀಶ ಶೌಕತ್ ಅಜೀಜ್ ಸಿದ್ದಿಕಿಯವರು ರಾವಳಪಿಂಡಿಯ ವಕೀಲರ ಸಂಘದಲ್ಲಿ ಭಾಷಣ ಮಾಡಿ, ನ್ಯಾಯಾಲಯದ ಪೀಠಗಳ ರಚನೆಯಲ್ಲಿಯೂ ಐ.ಎಸ್.ಐ.ಯ ಕೈವಾಡ ನಡೆಯುತ್ತಿದೆಯೆಂದು ಬಹಿರಂಗವಾಗಿ ಆಪಾದಿಸಿದರು. ನವಾಜ್ ಶರೀಫರು ಚುನಾವಣೆಯ ಮುಂಚೆ ಸೆರೆಮನೆಯಿಂದ ಹೊರಬರಬಾರದೆಂಬ ಒತ್ತಡ ತಮ್ಮ ಮೇಲೆ ಬಂದಿತೆಂದು ಹೇಳಿ, ಅವರು ಫೈಜರ ಹೆಸರನ್ನು ಮುಂದೆ ನ್ಯಾಯಾಲಯದ ಕಡತಕ್ಕೇ ತಂದರು. ಫೈಜರು ಅದನ್ನು ಅಲ್ಲಗಳೆದಿದ್ದಾರೆ. ಆದರೆ ತಿಂಗಳುಗಳೊಳಗೆ ನೌಕರಿ ಕಳೆದುಕೊಂಡವರು ನ್ಯಾಯಾಧೀಶರು. 2024ರ ಮಾರ್ಚಿನಲ್ಲಿ ಸುಪ್ರೀಮ್ ಕೋರ್ಟು ಆ ವಜಾವನ್ನು ರದ್ದುಪಡಿಸಿತು. ಅಷ್ಟರಲ್ಲಿ ಅವರ ನಿವೃತ್ತಿಯ ವಯಸ್ಸು ದಾಟಿ ಹೋಗಿತ್ತು.

ಐ.ಎಸ್.ಐ. ಎಂಬುದು 1948ರಲ್ಲಿ ಹುಟ್ಟಿದ ಸಂಸ್ಥೆ. ಹೊಸ ರಾಷ್ಟ್ರದ ಭೂ, ನೌಕಾ, ವಿಮಾನ ಪಡೆಗಳ ನಡುವೆ ಸಮಾಚಾರ ಹೊಂದಿಸಿಕೊಡುವುದಷ್ಟೇ ಅದರ ಮೂಲ ಕೆಲಸ. ಅದನ್ನು ಕಟ್ಟಿದವನು ಕಾಥಾರ್ನ್ ಎಂಬ ಆಸ್ಟ್ರೇಲಿಯಾ ಮೂಲದ ಅಧಿಕಾರಿ. ಕಾಗದದ ಮೇಲೆ ಅದರ ಮುಖ್ಯಸ್ಥನು ಪ್ರಧಾನಮಂತ್ರಿಗೆ ಉತ್ತರವಾದಿ. ಆದರೆ ಅವನ ವರ್ಗಾವಣೆ, ಬಡ್ತಿ, ಮುಂದಿನ ಹುದ್ದೆಗಳೆಲ್ಲ ಸರಸೇನಾಪತಿಯ ಮುಷ್ಟಿಯಲ್ಲಿ. ಇಬ್ಬರು ಯಜಮಾನರ ಊಳಿಗದಲ್ಲಿ ಸಂಬಳ ಹೆಚ್ಚಿಸುವವನ ಮಾತೇ ನಡೆಯುವುದೆಂಬುದು ನೌಕರಿ ಮಾಡಿದ ಯಾವ ಗುಮಾಸ್ತನಿಗೂ ತಿಳಿದ ವಿಷಯವೇ.

ಈ ಆಯುಧವನ್ನು ಮಸೆದವರಲ್ಲಿ ರಾಜಕಾರಣಿಗಳೇ ಮುಂದು ಎಂಬುದನ್ನು ಮರೆಯಲಾಗದು. ಐ.ಎಸ್.ಐ.ಯಲ್ಲಿ ರಾಜಕೀಯ ವಿಭಾಗವೊಂದಕ್ಕೆ 1975ರಲ್ಲಿ ಸರಕಾರಿ ಆಜ್ಞೆಯ ಬಲ ಕೊಟ್ಟವರು ಜುಲ್ಫಿಕಾರ್ ಅಲಿ ಭುಟ್ಟೋ. ಎರಡು ವರ್ಷಗಳಲ್ಲಿ ಸೇನೆ ಅವರನ್ನು ಕೆಳಗಿಳಿಸಿತು, 1979ರಲ್ಲಿ ಗಲ್ಲಿಗೇರಿಸಿತು. ಅವರ ಮಗಳು ಬೆನಜೀರರು 1988ರಲ್ಲಿ ಚುನಾವಣೆಗೆ ನಿಂತಾಗ ಎದುರಾಳಿ ಪಕ್ಷಗಳನ್ನು ಒಗ್ಗೂಡಿಸಿ ರಂಗವೊಂದನ್ನು ಕಟ್ಟಿದವರು ಆಗಿನ ಐ.ಎಸ್.ಐ. ಮುಖ್ಯಸ್ಥ ಹಮೀದ್ ಗುಲ್. ಈ ಮಾತನ್ನು ಅವರು ಮುಂದೆ ತಾವಾಗಿಯೇ ಒಪ್ಪಿಕೊಂಡರು. 1990ರ ಚುನಾವಣೆಯಲ್ಲಿ ಬ್ಯಾಂಕೊಂದರ ಮೂಲಕ ಬಂದ 14 ಕೋಟಿ ರೂಪಾಯಿಗಳ ವ್ಯವಹಾರ ನಡೆಯಿತು. ಹಣ ಹಂಚಿದ್ದನ್ನು ಆಗಿನ ಮುಖ್ಯಸ್ಥ ಅಸದ್ ದುರ್ರಾನಿಯವರೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟರು. 2012ರಲ್ಲಿ ಸುಪ್ರೀಮ್ ಕೋರ್ಟು ಆ ಚುನಾವಣೆ ಮಲಿನವಾಗಿತ್ತೆಂದು ತೀರ್ಪಿತ್ತರೂ ಹಣ ಹಂಚಿದ್ದಕ್ಕಾಗಿ ಯಾರೂ ಸೆರೆಮನೆ ಕಾಣಲಿಲ್ಲ. ಆದರೆ ಅದೇ ದುರ್ರಾನಿಯವರು ಭಾರತದ ಗೂಢಚರ್ಯಾ ಸಂಸ್ಥೆಯ ಮಾಜಿ ಮುಖ್ಯಸ್ಥರೊಡನೆ ಕೂಡಿ ಒಂದು ಪುಸ್ತಕ ಬರೆದಾಗ, 2019ರಲ್ಲಿ ಸೇನೆಯು ಅವರ ಪೆನ್ಷನನ್ನು ನಿಲ್ಲಿಸಿತು! ಯಾವ ತಪ್ಪಿಗೆ ಯಾವ ತೂಕವೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಾರದು.

1999ರ ಅಕ್ಟೋಬರ್ 12ರಂದು ಇನ್ನೊಂದು ಮಾತು ಸ್ಪಷ್ಟವಾಯಿತು. ನವಾಜ್ ಶರೀಫರು ಮುಷರಫರನ್ನು ವಜಾ ಮಾಡಿ, ಐ.ಎಸ್.ಐ. ಮುಖ್ಯಸ್ಥ ಜಿಯಾವುದ್ದೀನರನ್ನೇ ಸರಸೇನಾಪತಿಯೆಂದು ಸಾರಿದರು. ಸೇನೆ ಅವರ ಆಜ್ಞೆಯನ್ನು ಪಾಲಿಸಲಿಲ್ಲ. ಸಂಜೆಯೊಳಗೆ ಪ್ರಧಾನಿಯೂ ಹೊಸ ಸೇನಾಪತಿಯೂ ಬಂಧನದಲ್ಲಿದ್ದರು. ಗೂಢಚರ್ಯೆಯ ದಳಪತಿಯ ಬಲವೆಲ್ಲ ಎರವಲು ತಂದದ್ದು; ಸರಸೇನಾಪತಿಯು ಕೊಟ್ಟ ಸಾಲವನ್ನು ಹಿಂತೆಗೆದುಕೊಂಡ ಕ್ಷಣವೇ ಅವನ ಕೈ ಬರಿದಾಗುವುದು. ಫೈಜ್ ಹಮೀದರು ಈ ಪಾಠವನ್ನು ಓದಿರಲಿಲ್ಲವೆಂದಲ್ಲ. ತಮಗೆ ಅದು ಅನ್ವಯಿಸದೆಂದು ನಂಬಿದರೆಂದೇ ನಮಗೆ ತೋರುತ್ತದೆ.

ಏಕೆಂದರೆ 2019ರಿಂದ 2021ರವರೆಗಿನ ಅವಧಿಯಲ್ಲಿ ಅವರ ಪ್ರಭಾವ ಅಷ್ಟಿತ್ತು. 2020ರ ಅಕ್ಟೋಬರಿನಲ್ಲಿ ಗುಜ್ರಾನ್‌ವಾಲಾದ ವಿರೋಧಪಕ್ಷಗಳ ಸಭೆಗೆ ಲಂಡನ್ನಿನಿಂದ ಭಾಷಣ ಮಾಡಿದ ನವಾಜ್ ಶರೀಫರು, ತಮ್ಮ ಸರಕಾರವನ್ನುರುಳಿಸಿ ಇಮ್ರಾನ್ ಖಾನರನ್ನು ತಂದು ಕೂರಿಸಿದವರೆಂದು ಬಾಜ್ವಾ, ಫೈಜ್ ಇಬ್ಬರನ್ನೂ ಹೆಸರು ಹಿಡಿದು ದೂರಿದರು. ಮೂರು ಬಾರಿ ಪ್ರಧಾನಿಯಾಗಿದ್ದವರ ಬಾಯಿಂದ ಅಧಿಕಾರದಲ್ಲಿರುವ ಜನರಲ್ಲರ ಹೆಸರು ತುಂಬಿದ ಸಭೆಯಲ್ಲಿ ಹೊರಟದ್ದು ಆ ದೇಶದಲ್ಲಿ ಅಪರೂಪದ ಸಂಗತಿ.

ಬಿರುಕು ಕಾಣಿಸಿದ್ದು 2021ರ ಅಕ್ಟೋಬರಿನಲ್ಲಿ. ಕಾಬೂಲಿನ ಚಹ ಕುಡಿದು ಒಂದೇ ತಿಂಗಳಾಗಿತ್ತು. ಫೈಜರನ್ನು ಪೇಶಾವರದ ದಳಕ್ಕೆ ವರ್ಗಾಯಿಸಿ, ನದೀಮ್ ಅಂಜುಮ್ ಅವರನ್ನು ಐ.ಎಸ್.ಐ.ಗೆ ನೇಮಿಸಿರುವುದಾಗಿ ಸೇನೆಯು 6ನೆಯ ತಾರೀಖಿಗೆ ಸಾರಿತು. ಇಮ್ರಾನ್ ಖಾನರು ಮೂರು ವಾರ ಆ ಆಜ್ಞೆಗೆ ರುಜು ಹಾಕದೆ ಕುಳಿತರು. ನೇಮಕ ಮಾಡುವ ಅಧಿಕಾರ ಪ್ರಧಾನಿಯದೇ ಎಂಬ ಅವರ ವಾದವು ಕಾಯಿದೆಯ ದೃಷ್ಟಿಯಿಂದ ಸರಿಯೇ. ಆದರೆ ಪ್ರಧಾನಿಯೊಬ್ಬನು ಗೂಢಚರ್ಯೆಯ ಒಬ್ಬ ನಿರ್ದಿಷ್ಟ ಅಧಿಕಾರಿಗಾಗಿ ಇಷ್ಟು ಹಟ ಹಿಡಿದದ್ದೇ ಆ ಅಧಿಕಾರಿಯ ನಿಷ್ಠೆ ಯಾರಿಗೆಂಬ ಶಂಕೆಯನ್ನು ಸೇನೆಯೊಳಗೆ ಬಿತ್ತಿತು. 26ರಂದು ಇಮ್ರಾನರು ಮಣಿದರು. ಮರುವರ್ಷದ ಏಪ್ರಿಲಿನಲ್ಲಿ ಅವಿಶ್ವಾಸದ ನಿರ್ಣಯದಿಂದ ಅವರ ಸರಕಾರವೂ ಬಿತ್ತು.

2022ರ ನವಂಬರದಲ್ಲಿ ಹೊಸ ಸರಸೇನಾಪತಿಯ ಆಯ್ಕೆಗೆಂದು ಆರು ಜನರಲ್ಲರ ಹೆಸರುಗಳು ಪ್ರಧಾನಿಯ ಮುಂದೆ ಹೋದವು. ಫೈಜರದೂ ಅದರಲ್ಲಿತ್ತು. ಆರಿಸಲ್ಪಟ್ಟವರು ಆಸಿಮ್ ಮುನೀರ್, ಮೂರು ವರ್ಷಗಳ ಹಿಂದೆ ಇವರಿಗಾಗಿ ಕುರ್ಚಿ ಬಿಟ್ಟವರು! ಫೈಜರು ಅವಧಿಗೆ ಮುನ್ನವೇ ನಿವೃತ್ತಿ ಕೇಳಿ ಮನೆಗೆ ಹೋದರು.

ಇಷ್ಟೆಲ್ಲ ರಾಜಕೀಯದ ನಡುವೆ ಅವರನ್ನು ಹಿಡಿದದ್ದು ಮಾತ್ರ ಒಂದು ಜಮೀನಿನ ವ್ಯಾಜ್ಯ. ಇಸ್ಲಾಮಾಬಾದಿನ ಟಾಪ್ ಸಿಟಿ ಎಂಬ ಗೃಹನಿರ್ಮಾಣ ಯೋಜನೆಯ ಯಜಮಾನನು, 2017ರ ಮೇ ತಿಂಗಳಲ್ಲಿ ತನ್ನ ಮನೆ, ಕಚೇರಿಗಳ ಮೇಲೆ ದಾಳಿ ಮಾಡಿಸಿ ಚಿನ್ನವನ್ನೂ ನಗದನ್ನೂ ಒಯ್ಯಲಾಯಿತೆಂದು ಫೈಜರ ಮೇಲೆ ದೂರಿತ್ತಿದ್ದನು. 2023ರ ನವಂಬರದಲ್ಲಿ ಸುಪ್ರೀಮ್ ಕೋರ್ಟು ಆ ದೂರನ್ನು ರಕ್ಷಣಾ ಮಂತ್ರಾಲಯಕ್ಕೆ ಒಯ್ಯುವಂತೆ ಹೇಳಿತು. 2024ರ ಏಪ್ರಿಲಿನಲ್ಲಿ ಫೈಜಾಬಾದ್ ಧರಣಿಯ ತನಿಖಾ ಆಯೋಗವು ಫೈಜರನ್ನು ನಿರ್ದೋಷಿಯೆಂದಿತು. ಅದೇ ಆಗಸ್ಟ್ 12ರಂದು ಸೇನೆಯು ಅವರನ್ನು ಬಂಧಿಸಿತು. ಏಪ್ರಿಲಿನ ನಿರ್ದೋಷಿ ಆಗಸ್ಟಿನಲ್ಲಿ ಕೈದಿ. ಈ ನಾಲ್ಕು ತಿಂಗಳಲ್ಲಿ ಸಾಕ್ಷ್ಯ ಬದಲಾಯಿತೋ ಗಾಳಿ ಬದಲಾಯಿತೋ, ವಾಚಕರೇ ಊಹಿಸಿಕೊಳ್ಳಲಿ. ಹದಿನೈದು ತಿಂಗಳು ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಿತು. ಯಾವ ಸಾಕ್ಷಿ ಏನು ನುಡಿದನೆಂಬುದು ಹೊರಗಿನವರಿಗೆ ಕೇಳಿಸಲಿಲ್ಲ. ಅನ್ಯರ ರಹಸ್ಯಗಳನ್ನೇ ಬಂಡವಾಳ ಮಾಡಿಕೊಂಡವರ ಖಟ್ಲೆಯೂ ರಹಸ್ಯದಲ್ಲೇ ಮುಗಿಯಿತು.

ನಮ್ಮ ದೇಶದಲ್ಲಿ ಇಂಥದೇಕಾಗಲಿಲ್ಲ? ನಮ್ಮವರು ಸಂತರು ಎಂಬ ಉತ್ತರ ಸಾಲದು. ಕನ್ನಡಿಗರಿಗೆ ಇಲ್ಲಿ ನೆನಪಾಗಬೇಕಾದವರು ಮಡಿಕೇರಿಯ ಜನರಲ್ ತಿಮ್ಮಯ್ಯನವರು. 1948ರ ನವಂಬರದಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನೇರಿಸಿ ಲಡಾಖಿನ ದಾರಿ ತೆರೆದವರು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿ ಜಗದ್ವಿಖ್ಯಾತರಾದವರು. 1957ರಲ್ಲಿ ಭೂಸೇನೆಯ ಮುಖ್ಯಸ್ಥರು. ಅವರಷ್ಟು ಜನಪ್ರಿಯ ಸೇನಾನಿ ಆಗಿನ ಏಶಿಯಾದಲ್ಲಿ ವಿರಳ. 1958ರಲ್ಲಿ ಪಾಕಿಸ್ತಾನದ ಅಯೂಬ್ ಖಾನರು ಅಧಿಕಾರವನ್ನು ಕಸಿದುಕೊಂಡಿದ್ದರು. ಮರುವರ್ಷ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಬಡ್ತಿಗಳ ಸಂಬಂಧ ವಿರಸವುಂಟಾದಾಗ ತಿಮ್ಮಯ್ಯನವರು ಮಾಡಿದ್ದೇನು? ಆಗಸ್ಟ್ 31ರಂದು ರಾಜೀನಾಮೆಯ ಕಾಗದ ಬರೆದರು. ನೆಹರೂ ಅವರು ಕರೆದು ಹೇಳಿದಾಗ ಹಿಂತೆಗೆದುಕೊಂಡರು. ಸಪ್ಟೆಂಬರ್ 2ರಂದು ನೆಹರೂ ಪಾರ್ಲಿಮೆಂಟಿನಲ್ಲಿ ಅವರ ನಡತೆಯನ್ನು ಆಕ್ಷೇಪಿಸಿದರು. ತಿಮ್ಮಯ್ಯನವರು ಬಾಯಿ ಬಿಡದೆ 1961ರ ಮೇ ತನಕ ಕೆಲಸ ಮಾಡಿ ನಿವೃತ್ತರಾದರು. ಅವರ ನಂತರ ಬಂದವರ ಕೈಯಲ್ಲಿ 1962ರ ಅನಾಹುತ ನಡೆಯಿತು. ಆ ಪ್ರಕರಣದಲ್ಲಿ ನೆಹರೂ ಅವರು ಸೇನಾನಿಗೆ ನ್ಯಾಯ ಮಾಡಲಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಆದರೆ ಕೊನೆಯ ಮಾತು ಪಾರ್ಲಿಮೆಂಟಿನದಾಗಿ ಉಳಿಯಿತು. ಮತ್ತೊಬ್ಬ ಕೊಡಗಿನ ವೀರ ಕಾರ್ಯಪ್ಪನವರಿಗೂ ರಾಜಕೀಯದ ಆಸೆಯಿತ್ತು. ಅವರು ನಿವೃತ್ತರಾಗಿ ಎಷ್ಟೋ ವರ್ಷಗಳ ಬಳಿಕ, 1971ರಲ್ಲಿ, ಮುಂಬಯಿಯಿಂದ ಲೋಕಸಭೆಗೆ ನಿಂತು ಮತದಾರರಿಂದ ಸೋತರು. ಅದಕ್ಕೆ ಅದೇ ಸರಿಯಾದ ಹಾದಿ.

ರಚನೆಯ ಭೇದವೂ ಇದೆ. ಭಾರತದಲ್ಲಿ ಬೇಹುಗಾರಿಕೆಯನ್ನು ಒಂದೇ ಕೈಗೆ ಕೊಟ್ಟಿಲ್ಲ. ಇಂಟೆಲಿಜೆನ್ಸ್ ಬ್ಯೂರೋ ಗೃಹಖಾತೆಯದು, ಪೋಲೀಸು ಅಧಿಕಾರಿಗಳ ನೇತೃತ್ವದ್ದು. 1962ರ ಕಾಲದಲ್ಲಿ ಹೊರದೇಶಗಳ ಸಮಾಚಾರಕ್ಕೂ ಸೇನೆಯು ಅದನ್ನೇ ನೆಚ್ಚಬೇಕಾಗಿತ್ತು. 1968ರಲ್ಲಿ ಹೊರದೇಶಗಳ ಕೆಲಸಕ್ಕೆ ರಾ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿ ಪ್ರಧಾನಿಯ ಕೆಳಗೆ ಬಂದಿತು. ಮೂರೂ ಪಡೆಗಳ ಸಮಾಚಾರ ಹೊಂದಿಸುವ ರಕ್ಷಣಾ ಗೂಢಚರ್ಯಾ ಸಂಸ್ಥೆ ಬಂದದ್ದು ಕಾರ್ಗಿಲ್ ಯುದ್ಧದ ಬಳಿಕ, 2002ರಲ್ಲಿ. ಈ ಹಂಚಿಕೆಯಿಂದ ಯುದ್ಧಕಾಲದಲ್ಲಿ ನಷ್ಟವಾದದ್ದುಂಟು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪದೆ ಸೈನಿಕರು ಸತ್ತದ್ದುಂಟು. ಆದರೂ ಸಮವಸ್ತ್ರದ ಒಬ್ಬನೇ ವ್ಯಕ್ತಿಯ ಕಪಾಟಿನಲ್ಲಿ ಎಲ್ಲ ಪಕ್ಷಗಳ ಗುಟ್ಟೂ ಸೇರುವ ಅಪಾಯ ತಪ್ಪಿತು.

ಹಾಗೆಂದು ನಾವು ಮೀಸೆ ತಿರುವುವಂತಿಲ್ಲ. ನಮ್ಮಲ್ಲಿ ಗುಟ್ಟಿನ ದುರುಪಯೋಗ ಪೋಲೀಸಿನ ಬಾಗಿಲಿನಿಂದ ಬಂದಿದೆ. ತುರ್ತು ಪರಿಸ್ಥಿತಿಯಲ್ಲಿ ಬೇಹಿನ ಇಲಾಖೆ ರಾಜಕಾರಣಕ್ಕೆ ಬಳಕೆಯಾದದ್ದನ್ನು ಶಾ ಆಯೋಗ ದಾಖಲಿಸಿದೆ. ಕರ್ನಾಟಕದಲ್ಲಿ ಟೆಲಿಫೋನುಗಳಿಗೆ ಕಿವಿಯಿಟ್ಟ ಆರೋಪದ ಮೇಲೆ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ಇಂದಿಗೂ ಇಂಟೆಲಿಜೆನ್ಸ್ ಬ್ಯೂರೋಗಾಗಲಿ ರಾ ಸಂಸ್ಥೆಗಾಗಲಿ ಪಾರ್ಲಿಮೆಂಟು ಮಾಡಿದ ಸ್ವಂತ ಕಾಯಿದೆಯೊಂದಿಲ್ಲ. ಅವುಗಳ ಲೆಕ್ಕ ಕೇಳುವ ಸಂಸದೀಯ ಸಮಿತಿಯೂ ಇಲ್ಲ. ಫೈಜರ ಮೇಲೆ ಹೊರಿಸಿದ ರಹಸ್ಯಗಳ ಕಾಯಿದೆ ಇಂಗ್ಲಿಷರು 1923ರಲ್ಲಿ ಮಾಡಿಟ್ಟದ್ದು. ಗಡಿಯ ಎರಡೂ ಕಡೆ ಅದೇ ಕಾಯಿದೆ ನಡೆಯುತ್ತಿದೆ.

ಪಾಕಿಸ್ತಾನದಲ್ಲಿ ಈ ಶಿಕ್ಷೆಯನ್ನು ಕೆಲವರು ಹೊಸ ಯುಗದ ಅರುಣೋದಯವೆಂದು ಬಣ್ಣಿಸಿದರು, ಸೇನೆ ತನ್ನವರನ್ನೂ ಬಿಡಲಿಲ್ಲವೆಂದು. ಆ ವರ್ಷದ ಪಂಚಾಂಗವನ್ನು ನೋಡಿದರೆ ಈ ಮಾತನ್ನು ನಂಬುವುದು ಕಷ್ಟ. 2025ರ ಮೇ ತಿಂಗಳಲ್ಲಿ ಆಸಿಮ್ ಮುನೀರರು ಫೀಲ್ಡ್ ಮಾರ್ಶಲರಾದರು. ನವಂಬರದಲ್ಲಿ ರಾಜ್ಯಾಂಗಕ್ಕೆ 27ನೆಯ ತಿದ್ದುಪಡಿ ತಂದು, ಮೂರೂ ಪಡೆಗಳ ಮೇಲಣ ಹೊಸ ಹುದ್ದೆಯನ್ನು ಸರಸೇನಾಪತಿಗೇ ಕೊಡಲಾಯಿತು. ಫೀಲ್ಡ್ ಮಾರ್ಶಲ್ ಪದವಿ ಆಜೀವ ಪರ್ಯಂತವೆಂದೂ, ಆ ಪದವಿಯವರ ಮೇಲೆ ಆಜೀವ ಖಟ್ಲೆ ಹೂಡಲಾಗದೆಂದೂ ನಿಶ್ಚಯವಾಯಿತು. ಆ ತಿದ್ದುಪಡಿಗೆ ಕೈಯೆತ್ತಿದವರಲ್ಲಿ, ಗುಜ್ರಾನ್‌ವಾಲಾದ ಸಭೆಯಲ್ಲಿ ಜನರಲ್ಲರ ಹೆಸರು ಹಿಡಿದು ಗುಡುಗಿದ ನವಾಜ್ ಶರೀಫರ ಪಕ್ಷವೇ ಮುಂದಿತ್ತು. ಫೈಜರ ಶಿಕ್ಷೆಯ ಪ್ರಕಟಣೆ ಹೊರಟದ್ದು ಅದಾಗಿ ತಿಂಗಳಾಗುವಷ್ಟರಲ್ಲಿ.

ಆ ಪ್ರಕಟಣೆಯ ಕೊನೆಯಲ್ಲಿ ಇನ್ನೊಂದು ವಾಕ್ಯವಿತ್ತು: ರಾಜಕೀಯ ಶಕ್ತಿಗಳೊಡನೆ ಕೂಡಿ ಕ್ಷೋಭೆ ಎಬ್ಬಿಸಿದ ವಿಷಯವನ್ನು ಪ್ರತ್ಯೇಕವಾಗಿ ವಿಚಾರಿಸಲಾಗುತ್ತಿದೆಯೆಂದು. ಆ ರಾಜಕೀಯ ಶಕ್ತಿಗಳು ಯಾವುವೆಂದು ಅದು ಹೆಸರಿಸಲಿಲ್ಲ. ಇಮ್ರಾನ್ ಖಾನರು 2023ರ ಆಗಸ್ಟಿನಲ್ಲಿಯೇ ಸೆರೆಮನೆ ಸೇರಿದ್ದರು.